ಬಚ್ಚಲುಮನೆಯ ಒರಿಜಿನಲ್

ಬಚ್ಚಲುಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ತಂಗ್ಯಮ್ಮ ಗುಲಾಬಿ ಶಾಯಿಯ ಸೀಸೆಯಿಂದ ಸಿರಿಂಜಿಗೆ ಶಾಯಿ ಎಳೆಯುತ್ತಿದ್ದಳು. ಅವಸರ ಮಾಡುವಂತಿಲ್ಲ. ಅವಸರ ಮಾಡಿದರೆ ಗಾಳಿ ಸೇರುತ್ತದೆ, ಗಾಳಿ ಸೇರಿದರೆ ಫೋಟೋದಲ್ಲಿ ಗೆರೆ ಬೀಳುತ್ತದೆ, ಫೋಟೋದಲ್ಲಿ ಗೆರೆ ಬಿದ್ದರೆ ಅಣ್ಣನ ಹಣೆಯಲ್ಲೂ ಬೀಳುತ್ತದೆ. ಪ್ರಿಂಟರಿನ ಕಾರ್ಟ್ರಿಡ್ಜಿನ ನೆತ್ತಿಯ ಮೇಲಿದ್ದ ಸಣ್ಣ ತೂತಿಗೆ ಸೂಜಿ ಇಳಿಸಿ, ಕೂಸಿಗೆ ಔಷಧ ಕುಡಿಸುವವಳ ಹಾಗೆ ಹನಿಹನಿಯಾಗಿ ಒತ್ತತೊಡಗಿದಳು.

ಬಾಗಿಲು ಬಡಿದ ಸದ್ದಾಯಿತು.

"ತಂಗ್ಯಮ್ಮಾ, ಹುಷಾರಾಗಿದ್ದೀಯಾ? ತಲೆ ಗಿಲೆ ಸುತ್ತುತ್ತಾ?" ಅಣ್ಣನ ಹೆಂಡತಿಯ ದನಿ.

"ಇಲ್ಲ ಅತ್ತಿಗೆ. ಬಟ್ಟೆ ನೆನೆಹಾಕ್ತಿದ್ದೀನಿ."

"ನಿನ್ನೆ ತಾನೇ ನೆನೆಹಾಕಿದ್ದೆ?"

"ಅದು ಸರಿಯಾಗಿ ನೆನೀಲಿಲ್ಲ."

ಅತ್ತಿಗೆ ನಿಟ್ಟುಸಿರು ಬಿಟ್ಟು ಹೋದ ಸದ್ದು ನಲ್ಲಿಯ ಸದ್ದನ್ನೂ ಮೀರಿ ಕೇಳಿಸಿತು. ಈಚೆಗೆ ಅತ್ತಿಗೆಯದು ಇದೇ ಆಗಿತ್ತು. ಬಚ್ಚಲಿನಲ್ಲಿ ಸ್ವಲ್ಪ ತಡವಾದರೆ ತಲೆ ಸುತ್ತುತ್ತಾ ಎಂದು ಕೇಳುವುದು, ಮೆಟ್ಟಿಲು ಹತ್ತಿದರೆ ಕಾಲು ಜೋಮು ಹಿಡಿಯುತ್ತಾ ಎಂದು ಕೇಳುವುದು. ಮಾತಿನಲ್ಲಿ ಇಷ್ಟೊಂದು ಅಕ್ಕರೆ ಸುರಿಸುವವಳು ಟೀಗೆ ಮಾತ್ರ ಒಂದು ಕಾಳು ಸಕ್ಕರೆ ಹಾಕುತ್ತಿರಲಿಲ್ಲ. ಎಷ್ಟೋ ತಿಂಗಳಿಂದ ತಂಗ್ಯಮ್ಮ ಕಹಿ ಟೀಯನ್ನು ತುಟಿ ಪಿಟಕ್ಕೆನ್ನದೆ ಕುಡಿಯುತ್ತ ಬಂದಿದ್ದಳು. ಅನ್ನ ಹಾಕುವ ಮನೆ, ಸಕ್ಕರೆ ಕೇಳಿ ಸಣ್ಣವಳಾಗುವುದೇಕೆ ಎಂದು ಸುಮ್ಮನಿದ್ದಳು.

ಅವಳಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ ಏನೋ ಇತ್ತು. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿ, ಮನೆಯ ಮುಂಭಾಗದಲ್ಲೇ ಇದ್ದ ಅವನ ಫೋಟೋ ಸ್ಟುಡಿಯೋದಲ್ಲಿ ಕುಳಿತವಳು. ಅವನು ಕ್ಯಾಮೆರಾ ಹಿಂದಿನಿಂದ "ತಂಗೀ, ಲೈಟು! ತಂಗೀ, ಪರದೆ!" ಎಂದು ಕೂಗಿ ಕೂಗಿ, ಇಡೀ ಬೀದಿಗೇ ಅವಳು ತಂಗ್ಯಮ್ಮ ಆಗಿಬಿಟ್ಟಳು. ತಲೆ ಅರ್ಧ ಬೆಳ್ಳಗಾಗಿದ್ದರೂ ಅವಳಿಗಿಂತ ಹಿರಿಯರಿಗೂ ಕಿರಿಯರಿಗೂ ತಂಗಿಯೇ.

ಅಣ್ಣನ ಪ್ರಕಾರ ಅವನು ಕಲಾವಿದ. "ನಾನು ಗುಂಡಿ ಒತ್ತೋ ಕೆಲಸ ಮಾಡಲ್ಲ," ಎನ್ನುತ್ತ ಕಂಪ್ಯೂಟರು, ಪ್ರಿಂಟರು ಎರಡನ್ನೂ ತಂಗಿಯ ತಲೆಗೆ ಕಟ್ಟಿದ್ದ. ಕ್ಯಾಮೆರಾಕ್ಕೂ ಇರುವುದು ಗುಂಡಿಯೇ ಎಂದು ಅವನಿಗೆ ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವನು ಜಗ್ಗುತ್ತಿರಲಿಲ್ಲ: ಇಂಕು ಕಂಪನಿಯದೇ ಆಗಬೇಕು. ಆ ಕಂಪನಿಯ ಒಂದು ಸೆಟ್ಟಿಗೆ ಸುರಿಯುವ ದುಡ್ಡಿಗೆ ಇನ್ನೊಂಚೂರು ಸೇರಿಸಿದರೆ ಹೊಸ ಪ್ರಿಂಟರೇ ಬರುತ್ತಿತ್ತು. ಆದರೂ ಅವನು ಕೊಡುತ್ತಿದ್ದ. ಪ್ರತಿ ಸಲವೂ ಗಲ್ಲಾಪೆಟ್ಟಿಗೆಯಿಂದ ನೋಟು ಎಣಿಸಿ ಕೊಡುವಾಗ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು, "ಏನ್ಮಾಡೋದು, ಒರಿಜಿನಲ್ ಒರಿಜಿನಲ್ಲೇ. ಹೋಗು, ತಗೊಂಡ್ ಬಾ," ಎನ್ನುತ್ತಿದ್ದ.

ತಂಗ್ಯಮ್ಮ ಮೊದಮೊದಲು ತರುತ್ತಲೂ ಇದ್ದಳು. ಆಮೇಲೆ ಅವಳಿಗೆ ಇಂಜೆಕ್ಷನ್ ಮಾವ ಸಿಕ್ಕ.

ಅವನು ಯಾರಿಗೂ ಮಾವನಲ್ಲ. ದವಾಖಾನೆಯಲ್ಲಿ ಜೀವಮಾನವೆಲ್ಲ ಸೂಜಿ ಚುಚ್ಚಿ ನಿವೃತ್ತನಾದ ಕಂಪೌಂಡರು. ಚುಚ್ಚಲು ಮನುಷ್ಯರು ಸಿಗದೆ ಕೈ ತುರಿಸಿ, ಕಾರ್ಟ್ರಿಡ್ಜುಗಳಿಗೆ ಶಾಯಿ ತುಂಬುವ ಅಂಗಡಿ ಇಟ್ಟಿದ್ದ. ತಂದವರನ್ನು "ರೋಗಿ ಕಡೆಯವರು ಇಲ್ಲಿ ಕೂತ್ಕೊಳ್ಳಿ" ಎಂದು ಬೆಂಚಿನ ಮೇಲೆ ಕೂರಿಸುತ್ತಿದ್ದ.

"ನೋಡು ತಾಯಿ," ಎಂದಿದ್ದ ಮೊದಲ ದಿನವೇ, "ಪ್ರಿಂಟರ್ ಅನ್ನೋದು ಹಸು ಇದ್ದ ಹಾಗೆ. ಅಗ್ಗಕ್ಕೆ ಹಗ್ಗ ಕೈಗೆ ಕೊಡ್ತಾರೆ. ಆಮೇಲೆ ಹುಲ್ಲು ಮಾತ್ರ ಅವರ ಅಂಗಡೀದೇ ತಿನ್ನಬೇಕು ಅಂತಾರೆ. ಬೇರೆ ಹುಲ್ಲು ಹಾಕಿದ್ರೆ ಒದೆಯೋದನ್ನ ಅವರೇ ಕಲಿಸಿಟ್ಟಿರ್ತಾರೆ. ನೀನು ಸ್ವಲ್ಪ ಬೆನ್ನು ಸವರಬೇಕು, ಅಷ್ಟೇ."

ಸೀಸೆ, ಸಿರಿಂಜು ಮಾರಿ, ಮನೆಯಲ್ಲೇ ತುಂಬುವುದನ್ನೂ ಕಲಿಸಿಕೊಟ್ಟಿದ್ದ. ಒದೆಯುವುದೇನೋ ನಿಜ. ಶಾಯಿ ತುಂಬಿ ಮತ್ತೆ ಕೂರಿಸಿದಾಗಲೆಲ್ಲ ಪ್ರಿಂಟರಿನ ಪುಟ್ಟ ಕಿಟಕಿಯಲ್ಲಿ, ಈ ಕಾರ್ಟ್ರಿಡ್ಜಿನ ಗುರುತು ಸಿಗುತ್ತಿಲ್ಲ, ಮುಂದುವರಿಯಬೇಕೇ ಎಂಬ ಪ್ರಶ್ನೆ ಬರುತ್ತಿತ್ತು. ತಂಗ್ಯಮ್ಮ ಹೌದು ಎಂದು ಒತ್ತುತ್ತಿದ್ದಳು. ನಿಜವಾಗಿಯೂ ಎಂದು ಕೇಳುತ್ತಿತ್ತು. ನಿಜವಾಗಿಯೂ ಎಂದು ಒತ್ತುತ್ತಿದ್ದಳು. ಆಮೇಲೆ ಅದು ಮುನಿಸಿಕೊಂಡ ಅಳಿಯನ ಹಾಗೆ ಗೊರಗೊರ ಸದ್ದು ಮಾಡಿ ಕೆಲಸಕ್ಕೆ ಏಳುತ್ತಿತ್ತು.

ಅಣ್ಣ ಪ್ರಿಂಟನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿಕೊಂಡು ಉಸಿರೆಳೆದುಕೊಳ್ಳುತ್ತಿದ್ದ. "ಆಹಾ! ಒರಿಜಿನಲ್ ಅಂದ್ರೆ ಇದು. ವಾಸನೇಲೇ ಗೊತ್ತಾಗುತ್ತೆ." ಅದು ಬಚ್ಚಲುಮನೆಯ ಸೋಪಿನ ವಾಸನೆ.

ಕಂಪನಿಯ ಬೆಲೆಗೂ ಮಾವನ ಸೀಸೆಯ ಬೆಲೆಗೂ ನಡುವೆ ಉಳಿದದ್ದು ಹಳೆಯ ದೊಡ್ಡ ಫಿಲಂ ಡಬ್ಬಿಯೊಂದಕ್ಕೆ ಹೋಗುತ್ತಿತ್ತು. ಕಳ್ಳತನ ಎನ್ನಿ, ಬೇರೆ ಏನಾದರೂ ಎನ್ನಿ. ಅದಕ್ಕೂ ಮುಂಚೆ ಒಮ್ಮೆ ಅವಳು ಬಾಯಿಬಿಟ್ಟು ಸಂಬಳ ಕೇಳಿದ್ದಳು. ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. "ತಂಗಿಗೆ ಯಾರಾದ್ರೂ ಸಂಬಳ ಕೊಡ್ತಾರೇನೇ? ನಾಳೆ ನಿಮ್ಮತ್ತಿಗೇನೂ ಕೇಳ್ತಾಳೆ ಆಮೇಲೆ!" ಆವತ್ತು ಅತ್ತಿಗೆ ನಕ್ಕಿರಲಿಲ್ಲ.

ಡಬ್ಬಿ ತುಂಬಿದ ಹಾಗೆ ತಂಗ್ಯಮ್ಮನ ತಲೆಯೊಳಗೆ ಒಂದು ಕೋಣೆಯೂ ತುಂಬುತ್ತ ಬಂತು. ಬೀದಿಯ ತಿರುವಿನಲ್ಲಿ ಹೊಲಿಗೆ ಅಜ್ಜಿಯ ಕೋಣೆ. ಅಜ್ಜಿ ಕಣ್ಣು ಮಂಜಾಗಿ, ಮಷಿನ್ನು ಮಾರಿ, ದೂರದ ಊರಿನ ಮಗಳ ಮನೆಗೆ ಹೋಗಿದ್ದಳು. ದೊಡ್ಡ ಕಿಟಕಿ, ಗೋಡೆಗೆ ಉದ್ದಕ್ಕೂ ಹಲಗೆ, ಬಾಗಿಲ ಬಳಿ ಗಿರಾಕಿ ಕೂರಲು ಕಟ್ಟೆ. ಹರಿದ ಫೋಟೋ, ನೀರು ಬಿದ್ದ ಫೋಟೋ, ಜಿರಲೆ ತಿಂದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ ಹೊಸದು ಮಾಡುವುದರಲ್ಲಿ ತಂಗ್ಯಮ್ಮನ ಕೈ ಚೆನ್ನಾಗಿ ಪಳಗಿತ್ತು. ಯಾರದೋ ತಾತನಿಗೆ ಜಿರಲೆ ತಿಂದ ಕಿವಿಯನ್ನು ಇನ್ನೊಂದು ಕಡೆಯ ಕಿವಿಯಿಂದ ಮಾಡಿಕೊಟ್ಟಿದ್ದಳು. ಅದನ್ನೇ ತನ್ನದಾದ ಕೋಣೆಯಲ್ಲಿ ಕುಳಿತು ಮಾಡಬೇಕು.

ಅಜ್ಜಿಗೆ ಫೋನೆಂದರೆ ಆಗದು. ಕಿವಿಯೂ ಅಷ್ಟಕ್ಕಷ್ಟೇ. ಹಿಂದೆ ಬಾಡಿಗೆಗಿದ್ದವನೊಬ್ಬ ಫೋನಿನಲ್ಲಿ ಹ್ಞೂಂ ಹ್ಞೂಂ ಎಂದು ಕೊನೆಗೆ ಕೈಯೆತ್ತಿದ್ದನಂತೆ. "ಕಾಗದ ಹಾಕು, ಕೆಳಗೆ ಸಹಿ ಹಾಕು, ಆಗ ಬೀಗದಕೈ ಕಳಿಸ್ತೀನಿ," ಎಂದು ಹೇಳಿ ಹೋಗಿದ್ದಳು. ತಂಗ್ಯಮ್ಮ ಕಾಗದವನ್ನು ಟೈಪು ಮಾಡಿ, ಅಣ್ಣ ಸತ್ತರೂ ತೆಗೆದು ನೋಡದ ಜಾಗದಲ್ಲಿ, 'ಹಳೆಯ ಬಿಲ್ಲುಗಳು' ಎಂಬ ಹೆಸರಿನ ಕೆಳಗೆ ಇಟ್ಟಿದ್ದಳು. ಪ್ರಿಂಟ್ ಗುಂಡಿಯ ಮೇಲೆ ಬೆರಳಿಟ್ಟಾಗಲೆಲ್ಲ ಒಂದೇ ಮಾತು ಅಡ್ಡ ಬರುತ್ತಿತ್ತು. ಅಣ್ಣನಿಗೆ ಹೇಳದೆ ಹೋಗಬಾರದು. ಹೇಳಿದರೆ ದುಡ್ಡು ಎಲ್ಲಿಂದ ಬಂತು ಎನ್ನುತ್ತಾನೆ. ಹಾಗಾಗಿ, ಇಂಕು ಕಡಿಮೆಯಿದೆ, ಇನ್ನೊಂದು ದಿನ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡು ಕಂಪ್ಯೂಟರು ಆರಿಸುತ್ತಿದ್ದಳು. ಇಂಕು ತುಂಬುವವಳೇ ಇಂಕಿಲ್ಲ ಎನ್ನುತ್ತಿದ್ದಳು!

ಮೊನ್ನೆ ಅಜ್ಜಿಯ ಮೊಮ್ಮಗಳು ಫೋನು ಮಾಡಿದ್ದಳು. "ತಂಗ್ಯಮ್ಮಾವ್ರೇ, ಕೂದಲು ಕತ್ತರಿಸೋರೊಬ್ರು ಆ ಕೋಣೆ ಕೇಳ್ಕೊಂಡು ಇಲ್ಲೀವರೆಗೂ ಬಂದಿದ್ರು. ಈ ವಾರ ನಿಮ್ಮ ಕಾಗದ ಬರದಿದ್ರೆ ಅವರಿಗೇ ಅಂತ ಅಜ್ಜಿ ಹೇಳ್ತಿದ್ದಾರೆ."

ಇವತ್ತು ಸಂಜೆಯ ಟಪಾಲು ತಪ್ಪಿದರೆ ಕೋಣೆ ಕತ್ತರಿಯವನದು.

ಶಾಯಿ ತುಂಬಿದ ಕಾರ್ಟ್ರಿಡ್ಜನ್ನೂ ಸೀಸೆಯನ್ನೂ ಸಿರಿಂಜನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ತಂಗ್ಯಮ್ಮ ಹೊರಗೆ ಬಂದಾಗ ಸ್ಟುಡಿಯೋದಲ್ಲಿ ಅಣ್ಣನಿರಲಿಲ್ಲ. ಮದುವೆ ಜೋಡಿಗಳನ್ನು ಕೂರಿಸುವ ಮಕಮಲ್ಲಿನ ಕುರ್ಚಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಕಾಲು ಚಾಚಿ ಕುಳಿತಿದ್ದಳು. ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರನ ಹೆಂಡತಿ. ಇನ್ಸ್‌ಪೆಕ್ಟರು ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಅವನ ಚಿಕ್ಕ ಫೋಟೋವನ್ನು ದೊಡ್ಡದು ಮಾಡಿಸಲು ಕೊಟ್ಟಿದ್ದಳು.

"ನಿಮ್ಮಣ್ಣ ಅಂಗಡಿಗೆ ಹೋದ್ರು," ಎಂದಳು ಇನ್ಸ್‌ಪೆಕ್ಟರಮ್ಮ. "ಪ್ರಿಂಟರ್ ಬಾಯಿ ತೆಗೆದು ನೋಡಿದ್ರೆ ನಾಲ್ಕರಲ್ಲಿ ಒಂದು ಹಲ್ಲು ಇರಲಿಲ್ಲವಂತೆ. ನಾನೇ ಹೋಗಿ ಪೂರ್ತಿ ಸೆಟ್ ತರ್ತೀನಿ ಅಂತ ಸ್ಕೂಟರ್ ಹತ್ತಿದ್ರು."

ತಂಗ್ಯಮ್ಮ ಪ್ರಿಂಟರಿನ ಕಡೆ ಓಡಿದಳು. ಅವಳು ಟವೆಲ್ಲು ಬಿಚ್ಚುವ ಮೊದಲೇ ಸ್ಕೂಟರಿನ ಸದ್ದಾಯಿತು.

ಅಣ್ಣ ಪೆಟ್ಟಿಗೆಯನ್ನು ಎತ್ತಿ ಹಿಡಿದು, ಗೆದ್ದ ಕಪ್ಪನ್ನು ತೋರಿಸುವವನ ಹಾಗೆ ಒಳಗೆ ಬಂದ. "ಬಿಡು, ಬಿಡು, ಇವತ್ತು ನಾನೇ ಹಾಕ್ತೀನಿ. ಇದೇನು ಮಹಾ ವಿದ್ಯೆ!" ಗಿರಾಕಿಯ ಮುಂದೆ ಅವನ ಅಂಗಿಯ ತೋಳು ತಾನಾಗಿಯೇ ಮಡಚಿಕೊಳ್ಳುತ್ತಿತ್ತು. ಹಳೆಯದನ್ನೆಲ್ಲ ಕಿತ್ತು ಬುಟ್ಟಿಗೆ ಎಸೆದು, ಹೊಸದನ್ನು ಒಂದೊಂದಾಗಿ ಬಿಚ್ಚಿ ಕೂರಿಸತೊಡಗಿದ. ಮೂರು ಕೂರಿಸುವಷ್ಟರಲ್ಲಿ ಫೋನು ಬಂತು. ಭುಜಕ್ಕೂ ಕಿವಿಗೂ ಮಧ್ಯೆ ಫೋನು ಸಿಕ್ಕಿಸಿಕೊಂಡು, ಮಾತಾಡುತ್ತಲೇ ನಾಲ್ಕನೆಯದಾದ ಗುಲಾಬಿಯನ್ನೂ ಒತ್ತಿ ಕೂರಿಸಿದ. ಪ್ರಿಂಟರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ತನ್ನವರನ್ನು ಕಂಡ ಖುಷಿಗೆ ಗುಂಯ್ ಎಂದು ಹಾಡಿತು.

ಇನ್ಸ್‌ಪೆಕ್ಟರು ತಲೆಯ ಕಡೆಯಿಂದ ಹೊರಗೆ ಬರತೊಡಗಿದ. ಕೂದಲು ಸರಿಯಾಗಿತ್ತು. ಹಣೆ ಕೆಂಪಗೆ, ಆರೋಗ್ಯವಾಗಿತ್ತು. "ನೋಡಿ ಕಳೆ!" ಎಂದ ಅಣ್ಣ. ಹುಬ್ಬಿನ ಹತ್ತಿರ ಬರುವಾಗ ಸ್ವಲ್ಪ ಬಿಳಿಚಿಕೊಂಡ. ಮೂಗು ಹಳದಿಯಾಯಿತು. ಮೀಸೆಯಿಂದ ಕೆಳಗೆ ಎಳೆ ಸೌತೆಕಾಯಿಯ ಬಣ್ಣಕ್ಕೆ ತಿರುಗಿದವನು, ಗದ್ದ ಮುಟ್ಟುವಷ್ಟರಲ್ಲಿ ಪಾಚಿ ಕಟ್ಟಿದ ಗೋಡೆಯಾಗಿದ್ದ.

ಇನ್ಸ್‌ಪೆಕ್ಟರಮ್ಮ ಎದ್ದು ಬಂದು ತುಂಬ ಹೊತ್ತು ನೋಡಿದಳು.

"ಹೀಗೇ ಇದ್ರು," ಎಂದಳು. "ಮೇಲೆ ನೋಡಿದ್ರೆ ಕೆಂಪಗೆ ಲಕ್ಷಣವಾಗಿ. ಕೆಳಗೆ ಬರ್ತಾ ಬರ್ತಾ ಬರೀ ಪಿತ್ತ." ಆಮೇಲೆ ತಲೆಯಾಡಿಸಿದಳು. "ಆದ್ರೂ ಬೇಡಪ್ಪ. ಬದುಕಿದ್ದಾಗ ನೋಡಿದ್ದೇ ಸಾಕು, ಗೋಡೆ ಮೇಲೂ ಅದೇ ಮುಖ ಯಾಕೆ? ಒಳ್ಳೇ ಬಣ್ಣದ್ದು ಮಾಡಿಕೊಡಿ."

ಅಣ್ಣ ಪ್ರಿಂಟನ್ನು ಮೂಗಿಗೆ ಹಿಡಿದ. ಅವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಡೂಪ್ಲಿಕೇಟ್! ನನಗೇ ಡೂಪ್ಲಿಕೇಟ್ ಕೊಟ್ಟು ಕಳಿಸಿದ್ದಾನಲ್ಲ! ನೋಡು ತಂಗಿ, ಒರಿಜಿನಲ್ ವಾಸನೆಯೇ ಇಲ್ಲ ಇದಕ್ಕೆ. ನೀನು ತರ್ತೀಯಲ್ಲ, ಆ ಅಂಗಡಿ ಎಲ್ಲಿದೆ? ಸ್ಕೂಟರ್ ಹತ್ತು, ನಾನೂ ಬರ್ತೀನಿ. ಇನ್ಮೇಲೆ ನಾವು ಅಲ್ಲಿ ಬಿಟ್ಟು ಬೇರೆ ಕಡೆ ಕಾಲಿಡೋದು ಬೇಡ."

ಇವತ್ತು ಆ ಅಂಗಡಿಗೆ ರಜೆ ಎನ್ನಬಹುದಿತ್ತು. ಅಂಗಡಿಯವನು ಊರು ಬಿಟ್ಟ ಎಂದೂ ಅನ್ನಬಹುದಿತ್ತು. ತಂಗ್ಯಮ್ಮನ ನಾಲಿಗೆಯ ತುದಿಯಲ್ಲಿ ಎರಡೂ ಸಿದ್ಧವಾಗಿ ನಿಂತಿದ್ದವು. ಗೋಡೆಯ ಗಡಿಯಾರದಲ್ಲಿ ಟಪಾಲಿನ ಹೊತ್ತು ಹತ್ತಿರವಾಗುತ್ತಿತ್ತು. ಇವತ್ತೊಂದು ಸುಳ್ಳು ಹೇಳಿದರೆ ನಾಳೆ ಅದನ್ನೂ ಕೂತು ತುಂಬಬೇಕು, ಹನಿಹನಿಯಾಗಿ, ಗಾಳಿ ಸೇರದ ಹಾಗೆ. ಅವಳಿಗೆ ಒಮ್ಮೆಗೇ ಬೆನ್ನು ನೋವು ಬಂದಂತಾಯಿತು.

"ಅಲ್ಲಿಗೆ ಸ್ಕೂಟರ್ ಹೋಗಲ್ಲ ಅಣ್ಣ," ಎಂದಳು. "ಅದು ನಮ್ಮ ಬಚ್ಚಲುಮನೆ."

ಟವೆಲ್ಲನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಸೀಸೆ, ಕಾರ್ಟ್ರಿಡ್ಜು, ಸೂಜಿ ಸಮೇತ ಸಿರಿಂಜು.

ಅಣ್ಣ ಸಿರಿಂಜನ್ನು ನೋಡಿದ, ಅವಳ ಗುಲಾಬಿ ಬೆರಳುಗಳನ್ನು ನೋಡಿದ, ಮತ್ತೆ ಸಿರಿಂಜನ್ನು ನೋಡಿದ. ಅವನ ತಲೆಯೊಳಗೆ ಚಕ್ರ ತಿರುಗುವುದು ಹೊರಗೇ ಕಾಣುತ್ತಿತ್ತು. "ಅಂದ್ರೆ, ಇಷ್ಟು ದಿನ..."

"ಇಷ್ಟು ದಿನವೂ."

"ನಾನು ಕೊಟ್ಟ ದುಡ್ಡು?"

"ಡಬ್ಬೀಲಿದೆ."

"ಕಳ್ಳೀ!" ಅಣ್ಣನ ಕೂಗಿಗೆ ಗೋಡೆಯ ಮೇಲಿನ ಮದುಮಕ್ಕಳೆಲ್ಲ ಅದುರಿದರು.

ಒಳಗಿನಿಂದ ಅತ್ತಿಗೆ ಸೌಟಿನ ಸಮೇತ ಓಡಿಬಂದು ಇಬ್ಬರ ನಡುವೆ ನಿಂತಳು. ಮೇಜಿನ ಮೇಲೆ ಸಿರಿಂಜು ಕಂಡದ್ದೇ ತಡ, ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಬೈಬೇಡಿ ಅವಳನ್ನ! ದಿನಾ ಮೈಗೆ ಸೂಜಿ ಚುಚ್ಚಿಕೊಂಡು ಬದುಕ್ತಿರೋ ಜೀವ ಅದು. ನನಗೆ ಯಾವತ್ತೋ ಗೊತ್ತಿತ್ತು. ಬಚ್ಚಲಿನ ಗೂಡಲ್ಲಿ ಸೂಜಿ ನೋಡಿದ್ದೆ. ಪಾಪ, ನಮಗೆ ಭಾರ ಆಗ್ತೀನಿ ಅಂತ ಮುಚ್ಚಿಟ್ಟಿದ್ದಾಳೆ ಅಂತ ನಾನೂ ಬಾಯಿ ಬಿಡಲಿಲ್ಲ."

"ಯಾರಿಗೆ ಏನಾಗಿದೆ ಅತ್ತಿಗೆ?"

"ಸಕ್ಕರೆ ಕಾಯಿಲೆ ಕಣೇ. ನಿನಗೆ."

"ನನಗ್ಯಾಕೆ ಬರುತ್ತೆ ಸಕ್ಕರೆ ಕಾಯಿಲೆ?"

ಅತ್ತಿಗೆ ಸೀಸೆಯನ್ನು ನೋಡಿದಳು, ಶಾಯಿಯನ್ನು ನೋಡಿದಳು. "ಹಾಗಾದ್ರೆ... ಆ ಟೀ ಎಲ್ಲ ಸುಮ್ನೆ ಕುಡಿದ್ಯಾ?"

"ನೀವು ಸಕ್ಕರೆ ಉಳಿಸ್ತಿದ್ದೀರಿ ಅಂದ್ಕೊಂಡೆ."

"ಅಯ್ಯೋ ನಿನ್ನ! ಬಾಯಿ ಬಿಟ್ಟು ಕೇಳೋಕೇನಾಗಿತ್ತೇ ದೆವ್ವ?"

"ನೀವು ಕೇಳಿದ್ರಾ?"

ಮಕಮಲ್ಲಿನ ಕುರ್ಚಿಯಿಂದ ಇನ್ಸ್‌ಪೆಕ್ಟರಮ್ಮನ ನಗು ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ ಬಂತು. ಅಣ್ಣನಿಗೆ ಮಾತ್ರ ನಗು ಬರಲಿಲ್ಲ. "ಇದು ಹಾಸ್ಯ ಅಲ್ಲ! ನಿನಗೆ ನಾನು ಏನು ಕಡಿಮೆ ಮಾಡಿದ್ದೆ? ಊಟ, ಬಟ್ಟೆ, ಸೂರು. ಏನು ಕಡಿಮೆ?"

"ಸಂಬಳ," ಎಂದಳು ತಂಗ್ಯಮ್ಮ. ಸ್ವಲ್ಪ ಯೋಚಿಸಿ, "ಮತ್ತೆ ಸಕ್ಕರೆ," ಎಂದು ಸೇರಿಸಿದಳು.

ಒಳಗೆ ಹೋಗಿ ಫಿಲಂ ಡಬ್ಬಿ ತಂದು ಅವನ ಮುಂದಿಟ್ಟಳು. "ಕಳ್ಳಿ ಅನ್ನು ಅಣ್ಣ, ಬೇಜಾರಿಲ್ಲ. ನೀನು ಇಂಕಿಗೆ ಅಂತ ಕೊಟ್ಟಿದ್ದು, ನಾನು ಉಳಿಸಿದ್ದು. ಹೇಳದೆ ಇಟ್ಕೊಂಡಿದ್ದು ತಪ್ಪು, ಇಲ್ಲ ಅನ್ನಲ್ಲ. ಬೇಕಾದ್ರೆ ಎಲ್ಲ ತಗೋ. ಆದ್ರೆ ಇಲ್ಲಿ ಕೂತಿದ್ದೀನಲ್ಲ, ಲೈಟು ಹಿಡಿದಿದ್ದೀನಲ್ಲ, ಊರಿನ ತಾತಂದಿರಿಗೆಲ್ಲ ಕಿವಿ ಮೂಗು ಕೂರಿಸಿದ್ದೀನಲ್ಲ, ಆ ಲೆಕ್ಕ ಮಾಡಿ, ಅದನ್ನ ಕೊಟ್ಟು, ಆಮೇಲೆ ಇದನ್ನ ತಗೋ."

ಅಣ್ಣ ಡಬ್ಬಿಯನ್ನು ಕೈಗೆತ್ತಿಕೊಂಡ. ತೂಗಿ ನೋಡಿದ. ಮುಚ್ಚಳ ತೆಗೆಯಲಿಲ್ಲ.

"ನಮ್ಮೋರು ಟಿಕೆಟ್ ಇಲ್ಲದೋರನ್ನ ಬಸ್ಸಿಂದ ಇಳಿಸ್ತಿದ್ರು," ಎಂದಳು ಇನ್ಸ್‌ಪೆಕ್ಟರಮ್ಮ, ಯಾರನ್ನೂ ನೋಡದೆ. "ಮನೇಲಿ ಮಾತ್ರ ಜೀವಮಾನ ಪೂರ್ತಿ ನನ್ನ ಹೆಗಲ ಮೇಲೆ ಪುಕ್ಕಟೆ ಪ್ರಯಾಣ."

ಅತ್ತಿಗೆ ಗಂಡನ ಕೈಯಿಂದ ಡಬ್ಬಿ ಕಿತ್ತು ತಂಗ್ಯಮ್ಮನ ಕಂಕುಳಿಗೆ ತುರುಕಿದಳು. "ಇಟ್ಕೋ. ಇವರಿಗೆ ಲೆಕ್ಕ ಬರಲ್ಲ. ಅದೂ ಅಲ್ದೆ, ಈ ಲೆಕ್ಕ ಶುರುವಾದ್ರೆ ಮುಂದಿನ ಸರದಿ ನಂದು."

ಅಣ್ಣ ಬೆಳಕಿನ ಛತ್ರಿಯ ಕೆಳಗಿದ್ದ ಸ್ಟೂಲಿನ ಮೇಲೆ, ಫೋಟೋ ತೆಗೆಸಿಕೊಳ್ಳಲು ಬಂದವನ ಹಾಗೆ ಸೆಟೆದು ಕುಳಿತ.

ಗಿರಾಕಿಯ ಕೆಲಸ ನಿಂತಿತ್ತು. ತಂಗ್ಯಮ್ಮ ಡಬ್ಬಿ ಪಕ್ಕಕ್ಕಿಟ್ಟು ಪ್ರಿಂಟರಿನ ಮುಚ್ಚಳ ಎತ್ತಿದಳು. ಹೊಸ ಗುಲಾಬಿ ಕಾರ್ಟ್ರಿಡ್ಜನ್ನು ಹೊರಗೆ ತೆಗೆದಳು. ಅದರ ನೆತ್ತಿಗೆ ಅಂಟಿದ್ದ ಹಳದಿ ಪಟ್ಟಿ ಹಾಗೇ ಇತ್ತು. ಕೂರಿಸುವ ಮೊದಲು ಅದನ್ನು ಕೀಳದಿದ್ದರೆ ಒಳಗೆ ಗಾಳಿಯಾಡುವುದಿಲ್ಲ, ಶಾಯಿ ಎರಡು ಗುಟುಕು ಇಳಿದು ನಿಂತುಬಿಡುತ್ತದೆ, ಮುಖದಲ್ಲಿ ಕೆಂಪಿಲ್ಲದೆ ಹಸಿರೇ ಉಳಿಯುತ್ತದೆ. ಫೋನಿನ ಗಲಾಟೆಯಲ್ಲಿ ಅಣ್ಣ ಅದೊಂದನ್ನು ಮರೆತಿದ್ದ. ಅವಳು ಪಟ್ಟಿಯನ್ನು ಕಿತ್ತು ಮೇಜಿನ ಅಂಚಿಗೆ ಅಂಟಿಸಿದಳು.

ಅಣ್ಣ ಪಟ್ಟಿಯನ್ನು ನೋಡಿದ. ಕೆಮ್ಮಿದ. "ಅಂಗಡಿಯವನು ಹೇಳಬೇಕಿತ್ತು," ಎಂದ.

ಈ ಸಲ ಇನ್ಸ್‌ಪೆಕ್ಟರು ಹಣೆಯಿಂದ ಗದ್ದದವರೆಗೂ ಕೆಂಪಗೆ, ಬಿಟ್ಟಿ ಪ್ರಯಾಣಿಕರನ್ನು ಹಿಡಿದ ದಿನದ ಸಂತೋಷದಲ್ಲಿ ಹೊರಬಂದ. ಇನ್ಸ್‌ಪೆಕ್ಟರಮ್ಮ ತಲೆದೂಗಿ, ದುಡ್ಡು ಕೊಟ್ಟು, ಹಸಿರು ಮುಖದ್ದನ್ನೂ ಕೇಳಿ ತೆಗೆದುಕೊಂಡಳು. "ಇರಲಿ. ನಾದಿನಿಗೆ ಕೊಡ್ತೀನಿ. ತನ್ನಣ್ಣ ನಿಜವಾಗಿ ಹೇಗಿದ್ರು ಅಂತ ಅವಳಿಗೂ ತಿಳೀಲಿ."

ತಂಗ್ಯಮ್ಮ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. 'ಹಳೆಯ ಬಿಲ್ಲುಗಳು' ತೆರೆದಳು. ಪ್ರಿಂಟ್ ಎಂದು ಒತ್ತಿದಳು. ಕಾಗದ ಹೊರಗೆ ಬರುವ ಸದ್ದಿಗೆ ಅಣ್ಣ ಸ್ಟೂಲಿನಿಂದ ಇಳಿದು ಬಂದು, ಅಭ್ಯಾಸಬಲದಿಂದ ಅದನ್ನು ಬೆಳಕಿಗೆ ಹಿಡಿದ. ಓದಿದ. ಇದ್ದದ್ದು ನಾಲ್ಕೇ ಸಾಲು: ಅಜ್ಜಿ, ಕೋಣೆ ನನಗೇ ಇರಲಿ, ಮುಂಗಡ ಸಿದ್ಧವಾಗಿದೆ, ಕಿಟಕಿ ಮುಚ್ಚಿಸಬೇಡಿ, ಬೀಗದಕೈ ಕಳಿಸಿ.

"ಆ ಕೋಣೆಗೆ ಬಿಸಿಲು ಜಾಸ್ತಿ," ಎಂದ. "ಪ್ರಿಂಟೆಲ್ಲ ಮಂಕಾಗುತ್ತೆ."

"ಪರದೆ ಹಾಕ್ತೀನಿ."

"ಅಲ್ಲಾದ್ರೂ ಒರಿಜಿನಲ್ ಹಾಕ್ತೀಯಾ?"

"ಇಲ್ಲ."

"ಇದು ನನ್ನ ಇಂಕು," ಎಂದು ಕಾಗದವನ್ನು ಅಲ್ಲಾಡಿಸಿದ. "ಗೊತ್ತಿರಲಿ. ಇದರ ಒಂದೊಂದು ಅಕ್ಷರಕ್ಕೆ ಎಷ್ಟು ಬೀಳುತ್ತೆ ಗೊತ್ತಾ ನಿನಗೆ?"

"ನನಗೇ ಗೊತ್ತಿರೋದು ಅಣ್ಣ. ಅದಕ್ಕೇ ನಾಲ್ಕೇ ಸಾಲು ಬರೆದಿದ್ದೀನಿ."

ಅವನು ಕಾಗದವನ್ನು ಮೂಗಿನ ಹತ್ತಿರ ಒಯ್ದವನು ಅರ್ಧದಲ್ಲೇ ನಿಲ್ಲಿಸಿ ಅವಳ ಕೈಗೆ ಕೊಟ್ಟ. "ಟಪಾಲಿನವನು ಬರೋ ಹೊತ್ತಾಯ್ತು," ಎಂದು ಗೋಡೆಯ ಕಡೆ ತಿರುಗಿಕೊಂಡ.

ಅವಳು ಸಹಿ ಹಾಕಿ, ಲಕೋಟೆಗೆ ಹಾಕಿ, ಅಂಟಿಸಿದಳು. ಬೆರಳಿನ ಗುಲಾಬಿ ಶಾಯಿ ಪೂರ್ತಿ ಆರಿರಲಿಲ್ಲ. ಲಕೋಟೆಯ ಮೂಲೆಯಲ್ಲಿ ಹೆಬ್ಬೆರಳಿನ ಗುರುತು ಮೂಡಿತು. ಒರೆಸಲು ಹೋದರೆ ಇನ್ನಷ್ಟು ಹರಡಿತು. ಅಜ್ಜಿಗೆ ಸಹಿಯ ಜೊತೆಗೆ ಹೆಬ್ಬೆಟ್ಟೂ ಹೋಗಲಿ ಎಂದುಕೊಂಡು ಚಪ್ಪಲಿ ಮೆಟ್ಟಿದಳು.

"ಬೇಗ ಬಾ," ಎಂದು ಒಳಗಿನಿಂದ ಅತ್ತಿಗೆ ಕೂಗಿದಳು. "ಟೀಗೆ ಇಟ್ಟಿದ್ದೀನಿ. ಎಷ್ಟು ಚಮಚ ಅಂತ ಹೇಳಿ ಹೋಗು!"

"ಮೂರು!" ಎಂದು ಕೂಗಿ ತಂಗ್ಯಮ್ಮ ಬೀದಿಗಿಳಿದಳು.

ಟಪಾಲು ಡಬ್ಬ ಇದ್ದದ್ದು ತಿರುವಿನಲ್ಲಿ, ಅಜ್ಜಿಯ ಕೋಣೆಯ ಎದುರಿಗೇ. ಟಪಾಲಿನವನು ಆಗಲೇ ಡಬ್ಬದ ಹೊಟ್ಟೆ ತೆಗೆದು ಕಾಗದಗಳನ್ನು ಚೀಲಕ್ಕೆ ಸುರಿದು, ಬೀಗ ಹಾಕುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ, ಕೆಂಪು, ಹಸಿರು ಇಬ್ಬರು ಗಂಡಂದಿರನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಹೋಗುತ್ತಿದ್ದ ಇನ್ಸ್‌ಪೆಕ್ಟರಮ್ಮ ಅವನ ಸೈಕಲ್ಲಿಗೆ ಅಡ್ಡ ನಿಂತಳು. "ಏಯ್, ನಿಲ್ಲೋ! ಇನ್ನೊಂದು ಟಿಕೆಟ್ ಇದೆ."

"ಟೈಮ್ ಆಯ್ತಮ್ಮಾ," ಎಂದು ಗೊಣಗಿದ ಟಪಾಲಿನವನು. ಆದರೂ ಚೀಲದ ಬಾಯಿ ಬಿಚ್ಚಿ ಹಿಡಿದ. "ಹ್ಞೂಂ, ಹಾಕಿ. ಇದೇನು, ರಕ್ತ ಮೆತ್ತಿದೆ?"

"ಒರಿಜಿನಲ್ ಅಲ್ಲಪ್ಪ, ಹೆದರಬೇಡ," ಎಂದು ತಂಗ್ಯಮ್ಮ ಕಾಗದವನ್ನು ಅವನ ಚೀಲಕ್ಕೆ ಹಾಕಿದಳು.